ಭಾನುವಾರ ಓಡಬೇಕಾ, ಮುಳುಗಬೇಕಾ?

ಭಾನುವಾರದ ಲಾಂಗ್ ರನ್ ತಪ್ಪಿಸಲು ನಮ್ಮ ಓಟದ ಗುಂಪು ಎರಡೇ ಕಾರಣ ಒಪ್ಪುತ್ತದೆ. ಕಾಲು ಮುರಿದಿರಬೇಕು, ಇಲ್ಲಾ ಮದುವೆ ಇರಬೇಕು, ಅದೂ ನಮ್ಮದೇ ಮದುವೆ. "ನಿನ್ನೆ ಸಮುದ್ರದ ತಳಕ್ಕೆ ಹೋಗಿ ಬಂದೆ, ಇವತ್ತು ಓಡಬಾರದು" ಅಂದರೆ ಹೊಸ ನೆಪ ಅಂದುಕೊಳ್ಳುತ್ತಾರೆ.

ಒಂದು ಓಟ, ಇನ್ನೊಂದು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವ ಸ್ಕೂಬಾ ಡೈವಿಂಗ್, ನನ್ನ ಈ ಎರಡೂ ಹುಚ್ಚಿಗೆ ಸಿಗುವುದು ಅದೇ ಶನಿವಾರ, ಅದೇ ಭಾನುವಾರ. ಹೋಗಲಿ, ಸೀಸನ್ ಆದರೂ ಬೇರೆ ಇದೆಯಾ ಅಂದರೆ ಅದೂ ಇಲ್ಲ. ಮಳೆಗಾಲದಲ್ಲಿ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ದೋಣಿ ಹೋಗುವುದಿಲ್ಲ. ಮಳೆ ನಿಂತು, ನೀರು ತಿಳಿಯಾಗಿ, ಇನ್ನೇನು ಇಳಿಯಬಹುದು ಅನ್ನುವ ಹೊತ್ತಿಗೇ ಊರೂರಲ್ಲಿ ಹಾಫ್ ಮ್ಯಾರಥಾನ್, ಫುಲ್ ಮ್ಯಾರಥಾನ್ ಅಂತ ಪೋಸ್ಟರ್ ಬೀಳುತ್ತವೆ.

ಕೋಚ್‌ಗೆ ಹೇಳಿದೆ. "ಸ್ವಿಮ್ಮಿಂಗ್ ತಾನೇ ಸರ್? ಒಳ್ಳೆ ಕ್ರಾಸ್ ಟ್ರೈನಿಂಗ್. ಮೇಲೆ ಬಂದ ತಕ್ಷಣ ಬೀಚಲ್ಲೇ ಒಂದು 18 ಕಿಲೋಮೀಟರ್ ಮುಗಿಸಿಬಿಡಿ, ಮರಳಲ್ಲಿ ಓಡಿದ್ರೆ ಮೀನಖಂಡ ಗಟ್ಟಿಯಾಗುತ್ತೆ" ಅಂದರು. ಈ ಮಾತನ್ನು ಡೈವಿಂಗ್ ಕಲಿಸುವ ಹುಡುಗನಿಗೆ ಮುಟ್ಟಿಸಿದರೆ ಅವನು ಹಣೆ ಚಚ್ಚಿಕೊಂಡ. "ಎಂತ ಸರ್, ಅವರು ನಿಮ್ಮ ಕೋಚಾ, ಶತ್ರುವಾ?"

ಸ್ಕೂಬಾ ಅಂದರೆ ಏನೂ ಮಾಡದೆ ಇರುವ ಕಲೆ. ಓಡುವವನ ತಲೆಗೆ ಇದು ಬೇಗ ಹೋಗುವುದಿಲ್ಲ. ನನ್ನ ಶ್ವಾಸಕೋಶದ ಬಗ್ಗೆ ನನಗೆ ವಿಪರೀತ ಹೆಮ್ಮೆ ಇತ್ತು. ಜೊತೆಗೆ ಇಳಿದವರು ಐವತ್ತು ದಾಟಿದ ಒಬ್ಬ ಅಂಕಲ್, ಅವರ ಹೊಟ್ಟೆಯ ಮೇಲೆ ತೂಕದ ಬೆಲ್ಟು ನಿಲ್ಲದೆ ಜಾರುತ್ತಿತ್ತು. ಆದರೂ ಮೊದಲು ಗಾಳಿ ಮುಗಿಯುತ್ತಾ ಬಂದಿದ್ದು ನನ್ನ ಸಿಲಿಂಡರಿನಲ್ಲೇ. ಕೈಕಾಲು ಬಡಿದಷ್ಟೂ ಗಾಳಿ ಖರ್ಚು. ಅಂಕಲ್ ಮಾತ್ರ ಕೈ ಕಟ್ಟಿಕೊಂಡು, ಮೀನು ನೋಡುತ್ತಾ, ಸುಮ್ನೆ ತೇಲುತ್ತಿದ್ದರು. ದೋಣಿ ಹತ್ತಿದ ಮೇಲೆ "ನೀವು ಮ್ಯಾರಥಾನ್ ಓಡ್ತೀರಿ ಅಂದ್ರಲ್ವಾ?" ಅಂತ ಕೇಳಿದರು. ಬರೀ ವಿಚಾರಿಸಿದ್ದು ಅಂತ ಅಂದುಕೊಳ್ಳೋಣ.

ಡೈವ್ ಆದ ಮೇಲೆ ಓಡಬಾರದು ಅನ್ನುವುದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ, 20 ಮೀಟರ್‌ಗೆ ಮೂರರಷ್ಟು. ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಮಾಮೂಲಿ ಗಾಳಿ, ಅದರಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್. ಒತ್ತಡ ಜಾಸ್ತಿಯಾದಾಗ ಅದು ರಕ್ತ, ಕೊಬ್ಬು, ಕೀಲು ಅಂತ ಸಿಕ್ಕಲ್ಲೆಲ್ಲ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಅದಕ್ಕೇ ನಿಮಿಷಕ್ಕೆ 9 ಮೀಟರ್‌ಗಿಂತ ಬೇಗ ಏರಬೇಡಿ, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಿ ಅನ್ನುವುದು. ಅವಸರ ಮಾಡಿದರೆ ಗೋಲಿ ಸೋಡಾ ಒಡೆದ ಹಾಗೆ ಒಳಗೇ ಗುಳ್ಳೆ ಏಳುತ್ತವೆ. ಇದೇ ಡಿಕಂಪ್ರೆಷನ್ ಸಿಕ್‌ನೆಸ್. ಸುಸ್ತು, ಕೀಲುನೋವು, ಚರ್ಮದ ಕಡಿತದಿಂದ ಹಿಡಿದು ಜೋಮು, ತಲೆಸುತ್ತು, ಲಕ್ವದವರೆಗೂ ಹೋಗಬಹುದು. ಸರಿಯಾಗಿ ಮೇಲೆ ಬಂದರೂ ಗಂಟೆಗಟ್ಟಲೆ ಒಂದಿಷ್ಟು ನೈಟ್ರೋಜನ್ ಒಳಗೇ ಇರುತ್ತದೆ, ಆಗ ಜೋರಾಗಿ ಓಡಿದರೆ ಗುಳ್ಳೆ ಜಾಸ್ತಿಯಾಗಬಹುದು. ಸಾಲದ್ದಕ್ಕೆ, ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ, ಹುಟ್ಟಿದ ಮೇಲೆ ಮುಚ್ಚಬೇಕಿದ್ದ ಪುಟ್ಟ ಕಿಂಡಿಯೊಂದು ಪೂರ್ತಿ ಮುಚ್ಚಿರುವುದಿಲ್ಲ. ಮುಕ್ಕಿರಿದು ಶ್ರಮಪಟ್ಟರೆ ಗುಳ್ಳೆ ಶ್ವಾಸಕೋಶದ ಜರಡಿ ತಪ್ಪಿಸಿಕೊಂಡು ಅಲ್ಲಿಂದ ನುಸುಳಿ ಮೆದುಳಿನ ಕಡೆಗೂ ಹೋಗಬಹುದು.

ಇಷ್ಟನ್ನೂ ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ಪೂರ್ತಿ ಕೇಳಿ, "ಅಂದ್ರೆ ಗ್ಯಾಸು" ಅಂದಳು.

"ಅಲ್ಲಮ್ಮ, ಇದು ನೈಟ್ರೋಜನ್."

"ಯಾವುದಾದ್ರೇನೋ, ಗ್ಯಾಸೇ ತಾನೇ? ಒಂದು ಚಮಚ ಓಮಿನ ಕಾಳು ಬಾಯಿಗೆ ಹಾಕ್ಕೊಂಡು ಬಿಸಿನೀರು ಕುಡಿ. ನಿಮ್ಮ ತಾತಂಗೂ ಹೀಗೇ ಮಂಡಿಗೆ ಹಿಡ್ಕೋತಿತ್ತು."

ಕೊನೆಗೆ ಒಂದು ಟೈಮ್‌ಟೇಬಲ್ ಹಾಕಿದೆ. ಡೈವ್‌ಗೆ ಒಂದು ದಿನ ಮುಂಚೆ ವ್ಯಾಯಾಮ ಮಾಡಿದವರಲ್ಲಿ ಗುಳ್ಳೆ ಕಡಿಮೆ ಇತ್ತು ಅಂತ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಓಡುವವನಿಗೆ ಇಂಥ ಸಾಲು ಎಷ್ಟು ಚಿಕ್ಕ ಅಕ್ಷರದಲ್ಲಿದ್ದರೂ ಕಾಣುತ್ತದೆ. ಅದರ ಪಕ್ಕದಲ್ಲೇ ಇರುವ 'ಸುಸ್ತಾಗಿ, ನೀರು ಕಡಿಮೆ ಕುಡಿದು ಡೈವ್‌ಗೆ ಬರಬೇಡಿ' ಅನ್ನುವುದು ಮಾತ್ರ ಕಾಣುವುದಿಲ್ಲ. ಹಾಗಾಗಿ ಶುಕ್ರವಾರ ಬೆಳಗಿನ ಜಾವ ಲಾಂಗ್ ರನ್, ರಾತ್ರಿ ಬಸ್ಸು, ಶನಿವಾರ ಎರಡು ಡೈವ್.

ಜೊತೆಗೆ ಬಂದ ಆಫೀಸಿನ ಗೆಳೆಯರು ನೀರಿಗೇ ಇಳಿಯಲಿಲ್ಲ, ದೋಣಿಯಲ್ಲೇ ವಾಂತಿ ಮಾಡಿಕೊಂಡು ಕೂತಿದ್ದರು. ಶನಿವಾರ ರಾತ್ರಿಯೇ ಹೊರಡೋಣ ಅಂತ ಅವರ ಹಟ. ಒಂದೇ ಡೈವ್ ಆದರೆ 12 ಗಂಟೆ, ಹೆಚ್ಚಾದರೆ 18 ಗಂಟೆ ವಿಮಾನ ಹತ್ತಬಾರದು ಅಂದೆ. "ನಾವು ಹೋಗೋದು ಬಸ್ಸಲ್ಲಿ ಕಣೋ!" ನಿಜ, ಆದರೆ ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಆ ಕಾಯುವ ಲೆಕ್ಕ 600 ಮೀಟರ್‌ನಿಂದಲೇ ಶುರು. ಗೇರುಸೊಪ್ಪೆ ಘಟ್ಟ ಹತ್ತಲಿ, ಶಿರಾಡಿ ಹತ್ತಲಿ, ಮೈಗೆ ಅದು ಅರ್ಧ ವಿಮಾನವೇ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಸ್ಸು ಹತ್ತಿ ಹೋದರು.

ನಾನು ಉಳಿದೆ. ಸಂಜೆ ಮಾಡಲು ಕೆಲಸವಿಲ್ಲ, ಕಾಲು ಕೇಳುವುದಿಲ್ಲ. ಎದುರಿಗೆ ದೇವಸ್ಥಾನದ ರಾಜಗೋಪುರ, 237 ಅಡಿ ಎತ್ತರ, ಒಳಗೆ ಲಿಫ್ಟ್ ಬೇರೆ. ಡೈವಿಂಗ್ ಕಲಿಸುವ ಹುಡುಗನಿಗೆ ಫೋನ್ ಮಾಡಿ ಗೋಪುರ ಹತ್ತಬಹುದಾ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "72 ಮೀಟರ್ ಸರ್. ಆರಾಮಾಗಿ ಹತ್ತಿ. ಲಿಫ್ಟಲ್ಲೇ ಹೋಗಿ."

ರಾತ್ರಿ ಲಾಡ್ಜಿನಲ್ಲಿ ಬಲ ಮಂಡಿ ನೋಯಲು ಶುರುವಾಯಿತು. ಓಡುವವನ ಮಂಡಿ ನೋಯುವುದು ಸುದ್ದಿಯೇ ಅಲ್ಲ. ಆದರೆ ಈ ಸಲ ಅನುಮಾನಿತರು ಇಬ್ಬರು. ಗುಳ್ಳೆಯ ನೋವು ಸಾಮಾನ್ಯವಾಗಿ ಆಳದಲ್ಲಿ ಮಂದವಾಗಿ ಇರುತ್ತದಂತೆ, ಒತ್ತಿದರೂ ಮಡಚಿದರೂ ಅಷ್ಟಾಗಿ ಬದಲಾಗುವುದಿಲ್ಲವಂತೆ. ಒಂದು ಕಾಲೆತ್ತಿ, ಗೋಡೆ ಹಿಡಿದು, ಒತ್ತಿ ಒತ್ತಿ ನೋಡಿಕೊಳ್ಳುತ್ತಾ ನಿಂತಿದ್ದಾಗ ಹಾಲ್ಡೇನ್ ಸಾಹೇಬರ ಮೇಕೆಗಳು ನೆನಪಾದವು. ಡೈವಿಂಗ್ ಲೆಕ್ಕದ ಮೊದಲ ಪಕ್ಕಾ ಕೋಷ್ಟಕಗಳನ್ನು 1908ರಲ್ಲಿ ಕೊಟ್ಟವರು ಅವರೇ. ಮೇಕೆಗಳನ್ನು ಒತ್ತಡದ ಕೋಣೆಯಲ್ಲಿಟ್ಟು, ಒತ್ತಡ ಇಳಿಸಿ, ಯಾವುದು ಕಾಲು ಎತ್ತುತ್ತದೆ ಅಂತ ನೋಡುತ್ತಿದ್ದರು. ಕಾಲೆತ್ತಿದರೆ ಕೀಲಿಗೆ ಗುಳ್ಳೆ ಹಿಡಿದಿದೆ ಅಂತ ಲೆಕ್ಕ. ತಕ್ಷಣ ಕಾಲು ಕೆಳಗಿಟ್ಟೆ.

ಮತ್ತೆ ಫೋನ್ ಮಾಡಿದೆ.

"ಎಂತ ಆಯ್ತು ಸರ್ ಈಗ?"

"ಮಂಡಿ ನೋವು."

"ಜೋಮು? ತಲೆಸುತ್ತು? ಕಡಿತ?"

"ಇಲ್ಲ."

"ಒತ್ತಿದ್ರೆ?"

"ಹೊರಮಗ್ಗುಲಲ್ಲಿ ಒಂದೇ ಕಡೆ ಜೀವ ಹೋಗುತ್ತೆ. ಮೆಟ್ಟಿಲು ಇಳಿಯುವಾಗ ಇನ್ನೂ ಜಾಸ್ತಿ. ಹೋದ ವರ್ಷವೂ ಇದೇ ಜಾಗ."

"ಹಾಗಾದ್ರೆ ಇದು ನಿಮ್ಮ ಕೋಚಿನ ಕೇಸು ಸರ್" ಅಂದ. ಅಂದವನು ಸುಮ್ಮನೆ ಮಲಗಲಿಲ್ಲ, ಆಕ್ಸಿಜನ್ ಪೆಟ್ಟಿಗೆ ಹೊತ್ತುಕೊಂಡು ಬಂದ. ಡೈವಿಂಗ್ ಡಾಕ್ಟರಿಗೆ ಫೋನ್ ಹಚ್ಚಿಕೊಟ್ಟು, ಅವರು ಕೇಳಿದ್ದಕ್ಕೆಲ್ಲ ನನ್ನಿಂದ ಉತ್ತರ ಹೇಳಿಸಿ, ಒಂಟಿ ಕಾಲಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿ ಮೂಗು ಮುಟ್ಟಿಸಿ ಹೋದ. ಜೋಮು ಶುರುವಾದರೆ ಬೆಳಗಾಗಲಿ ಅಂತ ಕಾಯುವ ಮಾತೇ ಇಲ್ಲ, ಆಗ ಆಕ್ಸಿಜನ್ ಕೊಟ್ಟು ಒತ್ತಡದ ಕೋಣೆ ಇರುವ ಆಸ್ಪತ್ರೆಗೇ ಹೋಗಬೇಕು ಅಂತಲೂ ಹೇಳಿದ. ತೊಡೆಯ ಹೊರಮಗ್ಗುಲಲ್ಲಿ ಮಂಡಿಯವರೆಗೆ ಇಳಿಯುವ ಪಟ್ಟಿಯ, ಅಂದರೆ ಐಟಿ ಬ್ಯಾಂಡ್‌ನ, ಹಳೆಯ ನೋವೇ ಮರಳಿ ಬಂದಿದೆ ಅಂತ ಖಾತ್ರಿಯಾಗಿ ಇಷ್ಟು ಖುಷಿಪಟ್ಟ ಓಟಗಾರ ಇನ್ನೊಬ್ಬ ಇರಲಾರ.

ಸೋಮವಾರ ಊರಿಗೆ ಬಂದು ಕೋಚ್‌ಗೆ ವರದಿ ಕೊಟ್ಟೆ. ಅವರು ಪ್ಲಾನ್ ತೆಗೆದು, ಮುಂದಿನ ಮೂರು ಭಾನುವಾರ ಒಂದೊಂದಾಗಿ ಅಡ್ಡಗೆರೆ ಎಳೆದರು. "ಓಟ ಬಂದ್ ಸರ್. ಬೇಕಾದ್ರೆ ಹೋಗಿ ಆ ಸ್ವಿಮ್ಮಿಂಗ್ ಮಾಡ್ಕೊಂಡು ಬನ್ನಿ."