ಅಣ್ಣನ ಪ್ಯಾಂಟು, ತಮ್ಮನ ಸೊಂಟ

“ಎರಡೇ ಎರಡು ಸಲ ಹಾಕಿದ್ದು ಕಣ್ರೀ, ಹೊಸದರ ಹಾಗೇ ಇದೆ.”

ಈ ಮಾತಿನ ಜೊತೆಗೆ ಬಂದ ಚೀಲವನ್ನು ಬಿಚ್ಚಿ ನೋಡಿದವರಿಗೆಲ್ಲ ಗೊತ್ತು, ಆ ಎರಡು ಸಲಗಳಲ್ಲಿ ಒಂದೊಂದು ಸಲವೂ ಒಂದೊಂದು ವರ್ಷ ನಡೆದಿರುತ್ತದೆ. ಮೊಣಕಾಲಿನಲ್ಲಿ ಬಣ್ಣವಿಲ್ಲ. ಸೀಟು ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದೆ. ಜೇಬಿನ ಮೂಲೆಯಲ್ಲಿ ಮರಳು, ಪೆನ್ಸಿಲ್ ಮೊನೆ, ಒಗೆದು ಒಗೆದು ಕಲ್ಲಾದ ಕಾಗದದ ಉಂಡೆ. ಹೊರಗಿನವರು ಕೊಟ್ಟದ್ದಾದರೆ ಮನಸ್ಸಿನಲ್ಲೇ ನಾಲ್ಕು ಮಾತು ಬೈದುಕೊಳ್ಳಬಹುದು. ಮನೆಯ ದೊಡ್ಡವನದ್ದೇ ಚಿಕ್ಕವನಿಗೆ ಇಳಿದು ಬಂದದ್ದಾದರೆ ಆ ಸುಖವೂ ಇಲ್ಲ. ‘ಚೆನ್ನಾಗಿದೆ, ಇವನಿಗಾಗುತ್ತೆ’ ಎಂದು ಎತ್ತಿಟ್ಟವರು ನಾವೇ. ಅದನ್ನು ಹೊರಗೆ ತೆಗೆಯುವುದು ಶಾಲೆ ಶುರುವಾಗುವ ಹಿಂದಿನ ರಾತ್ರಿ, ಟೈಲರ್ ಬಾಗಿಲು ಹಾಕಿ ಮನೆಗೆ ಹೋದ ಮೇಲೆ.

ಅರ್ಧ ಅನಾಹುತ ಎತ್ತಿಡುವಾಗಲೇ ಆಗಿರುತ್ತದೆ. ಹಣ್ಣಿನ ರಸ, ಬೆವರು ಇವೆಲ್ಲ ಒಣಗಿದಾಗ ಕಣ್ಣಿಗೆ ಬೀಳುವುದಿಲ್ಲ. ಒಂದೆರಡು ವರ್ಷ ಕತ್ತಲಲ್ಲಿ ಕೂತು ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗಿ, ಚಿಕ್ಕವನ ಎದೆಯ ಮೇಲೆ ಪದಕದ ಹಾಗೆ ಮೂಡುತ್ತವೆ. ಮುತುವರ್ಜಿಯಿಂದ ಗಂಜಿ ಹಾಕಿ ಇಸ್ತ್ರಿ ಮಾಡಿ ಇಟ್ಟವರ ಪಾಡು ಇನ್ನೂ ಕೆಟ್ಟದ್ದು. ಹಳೆಯ ಪುಸ್ತಕಗಳ ನಡುವೆ ಸರಕ್ಕನೆ ಓಡುವ ಆ ಬೆಳ್ಳಿ ಬಣ್ಣದ ಹುಳಕ್ಕೆ ಗಂಜಿ ಎಂದರೆ ಪ್ರಾಣ. ಗಂಜಿಯ ಜೊತೆಗೆ ಅಷ್ಟಿಷ್ಟು ಶರ್ಟನ್ನೂ ಮುಗಿಸಿರುತ್ತದೆ. ಗಂಜಿ ಇಲ್ಲದೆ ಒಗೆದು, ಪೂರ್ತಿ ಒಣಗಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ಪ್ಲಾಸ್ಟಿಕ್ ಚೀಲಕ್ಕೆ ಗಂಟು ಕಟ್ಟಿದರೆ ಒಳಗುಳಿದ ತೇವ ಅಲ್ಲೇ ಮುಗ್ಗಲು ಹಿಡಿಸುತ್ತದೆ.

ಬಿಳಿ ಶರ್ಟು ಹಳದಿಯಾಗಿದ್ದರೆ ಮೊದಲು ಕೈ ಹೋಗುವುದು ಕ್ಲೋರಿನ್ ಬ್ಲೀಚಿಗೆ. ತಡೆಯಿರಿ. ಬೆವರಿನ ಕಲೆಯ ಮೇಲೆ ಅದು ಬಿದ್ದರೆ ಹಳದಿ ಹೋಗುವ ಬದಲು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಆಮ್ಲಜನಕ ಬಿಡುವ ಪುಡಿ, ಅಂದರೆ ಸೋಡಿಯಂ ಪರ್ಕಾರ್ಬೊನೇಟ್, ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಕರಗಿಸಿ ನಾಲ್ಕೈದು ಗಂಟೆ ನೆನೆಸಿಡುವುದು ಒಳ್ಳೆಯದು. ತಣ್ಣೀರಿನಲ್ಲಿ ಅದು ಸುಮ್ಮನೆ ತಳದಲ್ಲಿ ಮಲಗಿರುತ್ತದೆ. ಇನ್ನು ನೀಲಿ ಹಾಕುವವರು. ನೀಲಿ ಕಲೆಯನ್ನು ತೆಗೆಯುವುದಿಲ್ಲ, ಹಳದಿಯ ಮೇಲೆ ನೀಲಿ ಕೂತು ಕಣ್ಣಿಗೆ ಬಿಳಿ ಅನ್ನಿಸುತ್ತದೆ ಅಷ್ಟೇ. ಒಂದು ಹನಿ ಹೆಚ್ಚಾದರೆ ಮಗು ಆಕಾಶವರ್ಣದ ಶರ್ಟು ಹಾಕಿಕೊಂಡು ಬಿಳಿ ಶರ್ಟಿನವರ ಸಾಲಿನಲ್ಲಿ ನಿಲ್ಲುತ್ತದೆ. ಸಮವಸ್ತ್ರ ಎಂಬ ಪದದಲ್ಲಿ ‘ಸಮ’ ಎಂದು ಯಾರು ಸೇರಿಸಿದರೋ!

ಅಳತೆಗೆ ಬರೋಣ. ಶರ್ಟಿನಲ್ಲಿ ನೋಡಬೇಕಾದದ್ದು ಭುಜ, ಪ್ಯಾಂಟಿನಲ್ಲಿ ಸೀಟು. ಉದ್ದ ಅಗಲ ಏನಿದ್ದರೂ ಮಡಿಸಬಹುದು, ಟಕ್ ಹಾಕಬಹುದು. ಭುಜದ ಹೊಲಿಗೆ ತೋಳಿನ ಮೇಲೆ 2 ಸೆಂ.ಮೀ.ಗಿಂತ ಕೆಳಗೆ ಇಳಿದಿದ್ದರೆ ಅದನ್ನು ಸರಿಮಾಡಲು ತೋಳು ಬಿಚ್ಚಿ, ಕಂಕುಳು ಕತ್ತರಿಸಿ, ಮತ್ತೆ ಕೂರಿಸಬೇಕು. ಅಷ್ಟು ಹೊತ್ತಿನಲ್ಲಿ ಹೊಸ ಶರ್ಟನ್ನೇ ಹೊಲಿಯಬಹುದು. ಅಂಥದ್ದನ್ನು ಮುಂದಿನ ವರ್ಷಕ್ಕೆ ಇಡುವುದೇ ಸರಿ. ಸೀಟು ಆಳವಾಗಿರುವ ಪ್ಯಾಂಟನ್ನು ಬೆಲ್ಟಿನಿಂದ ಎಷ್ಟೇ ಬಿಗಿದರೂ ನಡೆಯುವಾಗ ಹಿಂದೆ ಇನ್ನೊಬ್ಬರು ಬರುತ್ತಿದ್ದಾರೇನೋ ಎಂಬಂತೆ ಕಾಣುತ್ತದೆ.

ಸೊಂಟಕ್ಕೆ ಒಂದು ಒಳ್ಳೆಯ ಉಪಾಯವಿದೆ. ಕಾಜಗಳಿರುವ 2 ಸೆಂ.ಮೀ. ಅಗಲದ ಇಲಾಸ್ಟಿಕ್ ಸಿಗುತ್ತದೆ. ಸೊಂಟದ ಪಟ್ಟಿಯ ಒಳಪದರದಲ್ಲಿ, ಎರಡು ಪಕ್ಕದ ಹೊಲಿಗೆಗಳ ಹತ್ತಿರ ಒಂದೊಂದು ಸೀಳು ಮಾಡಿ, ಅಂಚು ಬಿಚ್ಚಿಕೊಳ್ಳದ ಹಾಗೆ ದಾರ ಸುತ್ತಿ, ಸೇಫ್ಟಿ ಪಿನ್ನಿಗೆ ಇಲಾಸ್ಟಿಕ್ ಸಿಕ್ಕಿಸಿ ಹಿಂಬದಿಯಿಂದ ಈಚೆಗೆ ಎಳೆಯಬೇಕು. ಇನ್ನೊಂದು ತುದಿಯನ್ನು ಮೊದಲೇ ಪಿನ್ನು ಮಾಡಿಟ್ಟಿರಬೇಕು. ಮರೆತರೆ ಅದು ಸಲೀಸಾಗಿ ಒಳಗೆ ಹೊರಟುಹೋಗುತ್ತದೆ. ಎಲ್ಲರೂ ಒಂದು ಸಲ ಮರೆಯುತ್ತಾರೆ. ಎರಡೂ ಕಡೆ ಒಳಗೆ ಒಂದೊಂದು ಚಪ್ಪಟೆ ಗುಂಡಿ ಹೊಲಿದರೆ ಆಯಿತು, ಮಗು ಬೆಳೆದಂತೆ ಒಂದೊಂದೇ ಕಾಜ ಮುಂದಕ್ಕೆ. ಐದಾರು ಸೆಂ.ಮೀ.ವರೆಗೆ ಇದು ನಡೆಯುತ್ತದೆ. ಅದಕ್ಕಿಂತ ಹೆಚ್ಚು ಸೆಳೆದರೆ ಹಿಂಬದಿ ಗಂಟು ಕಟ್ಟಿದ ಮೂಟೆ. ಆಗ ಹಿಂದಿನ ನಡುಹೊಲಿಗೆಯನ್ನೇ ಬಿಚ್ಚಿ ಒಳಗೆ ತೆಗೆದುಕೊಳ್ಳುವವರಿದ್ದಾರೆ. ಸೊಂಟ ಸರಿಯಾಗುತ್ತದೆ ನಿಜ, ಆದರೆ ಹಿಂದಿನ ಎರಡೂ ಜೇಬುಗಳು ಹತ್ತಿರ ಹತ್ತಿರ ಸರಿದು ಗುಟ್ಟು ಮಾತಾಡುತ್ತ ಕೂತಿರುತ್ತವೆ.

ಈ ಉಪಾಯಕ್ಕೆ ಒಂದೇ ಒಂದು ತಕರಾರು. “ಅಮ್ಮಾ, ಗುಂಡಿ ಚುಚ್ಚುತ್ತೆ.” ಚುಚ್ಚುವುದಿಲ್ಲ ಎನ್ನುತ್ತೇವೆ. ಪಕ್ಕದಲ್ಲಿ ಹೊಸ ಪ್ಯಾಂಟು ಹಾಕಿಕೊಂಡು ನಿಂತ ಅಣ್ಣನೂ “ನಂಗೇನೂ ಚುಚ್ಚಿರ್ಲಿಲ್ಲಪ್ಪ” ಎಂದು ಸಾಕ್ಷಿ ಹೇಳುತ್ತಾನೆ. ಅವನಿಗೆ ಹೇಗೆ ಚುಚ್ಚೀತು, ಅವನು ಹಾಕುವಾಗ ಆ ಗುಂಡಿ ಅಲ್ಲಿರಲೇ ಇಲ್ಲ.

ಇನ್ನು ಉದ್ದ. ಇಲ್ಲಿಂದ ಮುಂದಿನದನ್ನು ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಓದಿದರೆ ವಿಷಯ ಚೆನ್ನಾಗಿ ಅರ್ಥವಾಗುತ್ತದೆ.

ಶಾಲೆಗೆ ಹಾಕುವ ಶೂ ಹಾಕಿಸಬೇಕು. ಬೆಲ್ಟು ಬಿಗಿಯಬೇಕು. ಶರ್ಟನ್ನು ಒಳಗೆ ಸೇರಿಸಬೇಕು. ಆಮೇಲೆ ಮಗುವನ್ನು ನೇರ ನಿಲ್ಲಿಸಬೇಕು. ಮೊದಲ ಮೂರು ಆಗುವ ಕೆಲಸ. ನೀವು ನೆಲದ ಮೇಲೆ ಕೂತು ಬಲಗಾಲಿನ ಅಂಚು ಮಡಿಸುತ್ತೀರಿ. ಏನು ಮಾಡುತ್ತಿದ್ದೀರಿ ಎಂದು ಅವನು ಬಗ್ಗಿ ನೋಡುತ್ತಾನೆ. ಬಗ್ಗಿದ ತಕ್ಷಣ ಹಿಂಬದಿಯ ಬಟ್ಟೆ ಸೆಳೆದು ಅಂಚು ಒಂದೂವರೆ ಸೆಂ.ಮೀ. ಮೇಲೇರುತ್ತದೆ. “ನೇರ ನಿಲ್ಲೋ” ಎನ್ನಬೇಕೆಂದರೆ ಬಾಯಲ್ಲಿ ಸೂಜಿ. “ಮ್‌ಮ್ ಮ್‌ಮೋ” ಎಂದು ಹೊರಡುತ್ತದೆ. ಅದು ಅವನಿಗೆ ಅರ್ಥವಾಗುವುದಿಲ್ಲ. ಅರ್ಥವಾಗದ್ದರಿಂದ ಕೇಳಿಸಿಕೊಳ್ಳಲು ಇನ್ನಷ್ಟು ಬಗ್ಗುತ್ತಾನೆ. ಸೂಜಿ ಉಗಿದು ಸರಿಯಾಗಿ ಹೇಳಿದಿರಿ ಅನ್ನಿ. ಈಗ ಎದೆಯುಬ್ಬಿಸಿ, ತುದಿಗಾಲ ಮೇಲೆ, ಪೆರೇಡಿಗೆ ನಿಂತ ಹಾಗೆ. ಅಷ್ಟು ಬೇಡ ಎಂದರೆ ಉಸಿರು ಬಿಡುತ್ತಾನೆ, ಹೊಟ್ಟೆ ಒಳಗೆ ಹೋಗಿ ಪ್ಯಾಂಟು ಎರಡು ಬೆರಳು ಕೆಳಗೆ ಜಾರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಸೂಜಿ ಚುಚ್ಚುವ ಕ್ಷಣಕ್ಕೆ ಸರಿಯಾಗಿ ಎಡಗಾಲಿನ ಶೂ ಎದ್ದು ಬಲಗಾಲನ್ನು ಕೆರೆಯುತ್ತದೆ. ಜಗತ್ತಿನಲ್ಲಿ ಮಕ್ಕಳ ಕಾಲು ತುರಿಸುವುದು ಅಳತೆ ತೆಗೆಯುವಾಗ ಮಾತ್ರ.

ಇದಕ್ಕೆ ಮದ್ದಿದೆ. ಅವನ ಕಣ್ಣಿನ ಮಟ್ಟಕ್ಕೆ ಗೋಡೆಯ ಮೇಲೆ ಒಂದು ಚಿತ್ರ ಅಂಟಿಸಿ, ಅದರಲ್ಲಿರುವುದನ್ನು ಎಣಿಸು ಎನ್ನಬೇಕು. ಸೂಜಿಯ ಬದಲು ಬಟ್ಟೆ ಒಣಹಾಕುವ ಕ್ಲಿಪ್ಪು ಬಳಸಬೇಕು, ಬಿಚ್ಚುವಾಗ ಕಾಲು ಗೀರುವುದಿಲ್ಲ. ಒಂದು ಕಾಲನ್ನು ಮಾತ್ರ ಗುರುತಿಸಿ, ಇನ್ನೊಂದನ್ನು ಮೇಜಿನ ಮೇಲೆ ಹಾಸಿ ಅದಕ್ಕೆ ಸಮ ಮಾಡಿದರಾಯಿತು.

ಆಗಲಿಲ್ಲ. ಏಕೆಂದರೆ ಇದು ಇಳಿದು ಬಂದ ಪ್ಯಾಂಟು. ಎರಡು ವರ್ಷದ ಹಿಂದೆ ಇದೇ ರಾತ್ರಿ, ಇದೇ ನೆಲದ ಮೇಲೆ, ದೊಡ್ಡವನೂ ಬಗ್ಗಿ ನೋಡಿದ್ದ, ಕೆರೆದುಕೊಂಡಿದ್ದ. ಅವತ್ತಿನಿಂದ ಈ ಪ್ಯಾಂಟಿನ ಎಡಗಾಲು ಬಲಗಾಲಿಗಿಂತ 1 ಸೆಂ.ಮೀ. ಗಿಡ್ಡ, ಯಾರೂ ಗಮನಿಸಿರಲಿಲ್ಲ ಅಷ್ಟೇ. ತುದಿಯಿಂದ ತುದಿಗೆ ಹೊಂದಿಸಲು ಹೋದವರು ಆ ಕಾಲು ಒಂಚೂರು, ಈ ಕಾಲು ಒಂಚೂರು ಎಂದು ಬೆಕ್ಕುಗಳಿಗೆ ರೊಟ್ಟಿ ಹಂಚಿದ ಕೋತಿಯ ಹಾಗೆ ಕತ್ತರಿಸುತ್ತ ಹೋಗಿ, ಮಧ್ಯರಾತ್ರಿಯ ಹೊತ್ತಿಗೆ ಚಡ್ಡಿಯೊಂದನ್ನು ಹಿಡಿದು ಕೂತಿರುತ್ತಾರೆ. ಅಳೆಯಬೇಕಾದದ್ದು ಮೇಲಿನಿಂದ. ಎರಡು ಕಾಲು ಕೂಡುವ ಜಾಗಕ್ಕೆ ಟೇಪಿನ ತುದಿ ಹಿಡಿದು, ಒಳಹೊಲಿಗೆಯ ಗುಂಟ ಕೆಳಗೆ ಬಂದು ಎರಡೂ ಕಡೆ ಒಂದೇ ಅಂಕಿಗೆ ಚಾಕ್ ಗೀಟು. ತುದಿಯನ್ನು ನಂಬಲೇಬಾರದು.

ಮತ್ತೆ, ಕತ್ತರಿ ಎತ್ತಿಡಿ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತಾರೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲಿನ ಪಾಲು. 6-7 ಸೆಂ.ಮೀ. ಬಟ್ಟೆ ಒಳಗೆ ಮಡಿಸಿಟ್ಟರೆ ಎರಡು ವರ್ಷಕ್ಕೆ ಸಾಕು. ಅಷ್ಟರಲ್ಲಿ ಹೇಗೂ ಮೊಣಕಾಲು ಹರಿದಿರುತ್ತದೆ. ಮಡಿಕೆಯನ್ನು ಮಿಷನ್ನಿನಲ್ಲಿ ಹೊಡೆಯದೆ ಕೈಯಲ್ಲೇ ಹೊಲಿಯಿರಿ. ಮಿಷನ್ನಿನ ಹೊಲಿಗೆ ಬಿಚ್ಚಿದ ಮೇಲೂ ತೂತುಗಳ ಸಾಲು ಇರುವೆ ಸಾಲಿನ ಹಾಗೆ ಉಳಿಯುತ್ತದೆ.

ಹಳೆಯ ಮಡಿಕೆ ಬಿಚ್ಚಿದಾಗ ಕಾಣುವ ಅಡ್ಡಗೆರೆ ಇನ್ನೊಂದು ತಲೆನೋವು. ನೀರು, ಬಿಳಿ ವಿನೆಗರ್ ಸಮಸಮ ಬೆರೆಸಿ, ಒಳಗಡೆ ಒಂದು ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ನೋಡಿಕೊಂಡು, ಗೆರೆಗೆ ಸವರಿ, ಒದ್ದೆ ಬಟ್ಟೆ ಮುಚ್ಚಿ ಇಸ್ತ್ರಿ ಒತ್ತಿದರೆ ಮಡಿಕೆಯ ಗುರುತು ಬಹಳಷ್ಟು ಹೋಗುತ್ತದೆ. ಆದರೆ ಗೆರೆ ಬಿಳಿಚಿಕೊಂಡಿದ್ದರೆ ಅದು ಮಡಿಕೆಯಲ್ಲ, ಉಜ್ಜಿ ಉಜ್ಜಿ ಬಣ್ಣ ಹೋದದ್ದು. ಅದಕ್ಕೆ ವಿನೆಗರ್ ಏನೂ ಮಾಡದು. ಗೆರೆಯ ಕೆಳಗೆ ಇಷ್ಟು ದಿನ ಬಿಸಿಲು ಕಾಣದ ಕಡುನೀಲಿ, ಮೇಲೆ ನೂರಾರು ಸಲ ಒಗೆದ ಮಾಸಲು ನೀಲಿ. ಬಣ್ಣ ಹಾಕಿಬಿಡೋಣ ಎಂದು ಹೊರಟರೆ ಬಟ್ಟೆಯಲ್ಲಿರುವ ಪಾಲಿಯೆಸ್ಟರ್ ಮನೆಯಲ್ಲಿ ಹಾಕುವ ಸಾಮಾನ್ಯ ಬಣ್ಣವನ್ನು ಹೀರುವುದಿಲ್ಲ. ಹತ್ತಿಯ ಪಾಲು ಮಾತ್ರ ಗಾಢವಾಗಿ, ಪ್ಯಾಂಟು ಬೂದು ಬಳಿದುಕೊಂಡ ಹಾಗೆ ಕಾಣುತ್ತದೆ.

ಆ ಗೆರೆಯ ಹತ್ತಿರ ಕೈ ಒಂದು ಗಳಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಅದು ಎರಡು ವರ್ಷದ ಹಿಂದಿನ ದೊಡ್ಡವನ ಎತ್ತರ. ಆ ಎತ್ತರದ ಹುಡುಗ ಈಗ ಮನೆಯಲ್ಲಿಲ್ಲ, ಅದೇ ಹೆಸರಿನ ಉದ್ದನೆಯವನೊಬ್ಬ ಇದ್ದಾನೆ. ಫೋಟೋದಲ್ಲಿ ಅವನೆಷ್ಟು ಎತ್ತರ ಇದ್ದನೆಂದು ತಿಳಿಯುವುದಿಲ್ಲ. ಇಲ್ಲಿ ಸೆಂಟಿಮೀಟರ್ ಲೆಕ್ಕದಲ್ಲಿ ತಿಳಿಯುತ್ತದೆ. ಅದನ್ನೇ ನಾವು ವಿನೆಗರ್ ಹಾಕಿ ಒರೆಸುತ್ತಿದ್ದೇವೆ.

ಸರಿ, ಜಿಪ್ಪು. ಬಿಗಿಯಾಗಿದ್ದರೆ ಹಲ್ಲುಗಳ ಮೇಲೆ ಪೆನ್ಸಿಲ್ ಉಜ್ಜಿದರೆ ಸಲೀಸಾಗಿ ಓಡುತ್ತದೆ. ಮುಚ್ಚಿದ ಹಿಂದೆಯೇ ಬಾಯಿ ಬಿಡುವ ಜಿಪ್ಪಾದರೆ ಎಳೆಯುವ ತುಂಡಿನ ಎರಡೂ ಪಕ್ಕವನ್ನು ಇಕ್ಕಳದಿಂದ ತುಸುವೇ ಅದುಮಬೇಕು. ಶರ್ಟಿನ ಮಧ್ಯದ ಗುಂಡಿ ಹೋಗಿದ್ದರೆ ಊರೆಲ್ಲ ಹುಡುಕಬೇಡಿ. ಎಲ್ಲಕ್ಕಿಂತ ಕೆಳಗಿನದನ್ನು ಕಿತ್ತು ಮೇಲೆ ಹೊಲಿದು, ಕೆಳಗೆ ಯಾವುದಾದರೂ ಹಾಕಿ. ಅದು ಹೇಗೂ ಪ್ಯಾಂಟಿನೊಳಗೆ ಹೋಗುತ್ತದೆ. ಮೊಣಕಾಲಿಗೆ ತೇಪೆಯನ್ನು ಒಳಗಿನಿಂದ, ತೂತಿಗಿಂತ ಸುತ್ತಲೂ 2 ಸೆಂ.ಮೀ. ದೊಡ್ಡದಾಗಿ ಕೊಡಬೇಕು. ಹೊಸ ಬಟ್ಟೆ ಕೊಂಡು ತೇಪೆ ಹಾಕಿದರೆ ಎದ್ದು ಕಾಣುತ್ತದೆ, ಸತ್ತ ಇನ್ನೊಂದು ಪ್ಯಾಂಟಿನಿಂದ ಕತ್ತರಿಸಿದರೆ ಬಣ್ಣವೂ ಅಷ್ಟೇ ಮಾಸಿರುತ್ತದೆ. ತಂಗಿಯ ನೆರಿಗೆ ಲಂಗಕ್ಕೆ ಒಗೆಯುವ ಮೊದಲೇ ನೆರಿಗೆಗಳ ಮೇಲೆ ಕಚ್ಚಾ ಹೊಲಿಗೆ ಓಡಿಸಬೇಕು. ಆಲಸ್ಯ ಮಾಡಿದರೆ ಬೆಳಗ್ಗೆ ಒಂದೊಂದೇ ನೆರಿಗೆ ಎಣಿಸುತ್ತ ಇಸ್ತ್ರಿ ಮುಂದೆ ನಿಲ್ಲಬೇಕಾಗುತ್ತದೆ. ಶೂ ಮಾತ್ರ ಇಳಿಸಬೇಡಿ. ಒಳಹಾಸು ಮೊದಲಿನವನ ಪಾದದ ಆಕಾರಕ್ಕೆ ಕುಳಿಬಿದ್ದಿರುತ್ತದೆ, ಹಿಮ್ಮಡಿ ಅವನ ನಡಿಗೆಗೆ ಸವೆದಿರುತ್ತದೆ.

ಹೆಸರಿನದ್ದು ಬೇರೆಯೇ ಪುರಾಣ. ಕಾಲರಿನ ಒಳಗೆ ಮಾರ್ಕರಿನಲ್ಲಿ ಬರೆದ ಅಣ್ಣನ ಹೆಸರನ್ನು ಅಳಿಸಲು ಅಡಿಯಲ್ಲಿ ಹಳೇ ಬಟ್ಟೆ ಇಟ್ಟು, ಸ್ಯಾನಿಟೈಸರಿನಲ್ಲಿ ಅದ್ದಿದ ಹತ್ತಿಯಿಂದ ಒತ್ತಿ ಒತ್ತಿ ತೆಗೆಯಬೇಕು. ಉಜ್ಜಿದರೆ ಹರಡುತ್ತದೆ. ಒತ್ತಿದರೂ ದೆವ್ವದಂತೆ ಒಂದು ನೆರಳು ಉಳಿದೇ ಉಳಿಯುತ್ತದೆ. ತಮ್ಮ ಆಟದ ಮೈದಾನದಲ್ಲಿ ಬಿಟ್ಟುಬಂದ ಸ್ವೆಟರು ಆ ನೆರಳಿನ ಜಾಡು ಹಿಡಿದು ಅಣ್ಣನ ತರಗತಿಗೆ ಹೋಗುತ್ತದೆ. ಕಳೆದುಕೊಂಡವನು ಒಬ್ಬ, ಎಲ್ಲರೆದುರು ಬೈಸಿಕೊಳ್ಳುವವನು ಇನ್ನೊಬ್ಬ.

ಇಷ್ಟೆಲ್ಲ ಬಿಚ್ಚಿ, ಹೊಲಿದು, ನೆನೆಸಿ, ಅಳಿಸಿ ಮುಗಿಸುವ ಹೊತ್ತಿಗೆ ಶಾಲೆಯವರಿಗೆ ಒಂದು ಹುಮ್ಮಸ್ಸು ಬರುವುದುಂಟು: ಈ ವರ್ಷದಿಂದ ಜೇಬಿನ ಮೇಲೆ ಒಂದು ಕೆಂಪು ಪಟ್ಟಿ. ಅರ್ಧ ಸೆಂ.ಮೀ. ಅಗಲದ ಪಟ್ಟಿ. ಅದಿಲ್ಲದೆ ಮಕ್ಕಳಿಗೆ ಪಾಠ ತಲೆಗೆ ಹತ್ತುವುದಿಲ್ಲವೋ ಏನೋ. ಒಂದು ಸಮಾಧಾನವೆಂದರೆ ಜೇಬಿನ ಮೇಲಂಚು ಮಾತ್ರ ಬಿಚ್ಚಿ ಪಟ್ಟಿಯನ್ನು ಅದರೊಳಗೆ ಕಚ್ಚಿಸಿ ಹೊಲಿಯಬಹುದು. ಕೆಂಪು ಯಾವ ಕೆಂಪು ಎಂದು ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಒಂದೇ ತರಗತಿಯಲ್ಲಿ ಹತ್ತು ಥರದ ಕೆಂಪು ಬಂದಮೇಲೆ ಅವರೂ ಸುಮ್ಮನಾಗುತ್ತಾರೆ.

ಇನ್ನೊಂದನ್ನು ಯಾರೂ ಮೊದಲೇ ಲೆಕ್ಕ ಹಾಕಿರುವುದಿಲ್ಲ. ಯಾವುದೋ ಒಂದು ವರ್ಷ ಚಿಕ್ಕವನು ಇದ್ದಕ್ಕಿದ್ದಂತೆ ಚಿಗುರಿ ಅಣ್ಣನ ತಲೆ ದಾಟುತ್ತಾನೆ. ಅವನಿಗೆ ಹೊಸದನ್ನೇ ತರಬೇಕು, ಬೇರೆ ದಾರಿಯಿಲ್ಲ. ಅವನು ಬಿಟ್ಟ ಪ್ಯಾಂಟು ಇನ್ನೂ ಗಟ್ಟಿಯಾಗಿದೆ, ಅಣ್ಣನಿಗೆ ಸರಿಯಾಗಿ ಹಿಡಿಸುತ್ತದೆ. ದೊಡ್ಡವನು ಮುಖ ಗಂಟು ಹಾಕಿಕೊಂಡೇ ಹಾಕಿಕೊಂಡು, ಎರಡು ಹೆಜ್ಜೆ ನಡೆದು, ಸೊಂಟಕ್ಕೆ ಕೈ ಹಾಕಿ ನಿಲ್ಲುತ್ತಾನೆ.

“ಅಮ್ಮಾ, ಒಳಗೇನೋ ಗುಂಡಿ ಚುಚ್ಚುತ್ತೆ.”

“ನಂಗೇನೂ ಚುಚ್ಚಿರ್ಲಿಲ್ಲಪ್ಪ” ಎನ್ನುತ್ತಾನೆ ತಮ್ಮ.