ದೊಡ್ಡಪ್ಪನ ತೋಟಾ, ನನ್ನ ತೋಟಾ

ಮೊನ್ನೆ ಇಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಒಂದು ಬಂದೂಕಿನ ಅಂಗಡಿಯಲ್ಲಿ ನನ್ನ ಮುಖ ಸಣ್ಣದಾಯಿತು. ಬೇಟೆಗೆ ಮೊದಲ ರೈಫಲ್ ಕೊಳ್ಳಲು ಹೋಗಿದ್ದೆ. ‘ಇರೋದರಲ್ಲಿ ಜೋರಾಗಿರೋದು ಕೊಡಿ’ ಅಂತ ತ್ರೀ ಹಂಡ್ರೆಡ್ ವಿನ್‌ಚೆಸ್ಟರ್ ಮ್ಯಾಗ್ನಮ್ ಅನ್ನುವ ಭಾರಿ ತೋಟಾದ ರೈಫಲ್ ಕಡೆ ಕೈ ತೋರಿಸಿದೆ. ಕೌಂಟರಿನ ಹಿಂದಿದ್ದ ಮುದುಕ ಅದನ್ನು ಮುಟ್ಟಲೂ ಇಲ್ಲ. ಎಲ್ಲಿ ಹೊಡೀತೀಯ, ಎಷ್ಟು ದೂರಕ್ಕೆ, ವರ್ಷಕ್ಕೆ ಎಷ್ಟು ಗುಂಡು ಅಭ್ಯಾಸ ಮಾಡ್ತೀಯ ಎಂದು ಕೇಳಿದ. ಮೂರನೆಯದಕ್ಕೆ ನಾನು ಬಾಯಿ ಬಿಡಲಿಲ್ಲ.

ಆಮೇಲೆ ಎರಡು ತೋಟಾ ತಂದು ಗಾಜಿನ ಮೇಲೆ ನಿಲ್ಲಿಸಿದ. ಮ್ಯಾಗ್ನಮ್ಮಿನ ಬುಡದಲ್ಲಿ ಪಟ್ಟಿ ಕಟ್ಟಿದ ಹಾಗೆ ಒಂದು ಹಿತ್ತಾಳೆ ಸುತ್ತು. ಪಕ್ಕದ್ದು ಸ್ವಲ್ಪ ಸಣಕಲು, ಥರ್ಟಿ ಆಟ್ ಸಿಕ್ಸ್. ಅಮೆರಿಕದ ಸೈನ್ಯ 1906ರಲ್ಲಿ ತಂದದ್ದು, ಹೆಸರಿನ ಕೊನೆಯ ‘06’ ಅದೇ. ‘ಭುಜಕ್ಕೆ ಬೀಳುವ ಒದೆತಕ್ಕೆ ಹೆದರಿದವನು ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುತ್ತಾನೆ’ ಎಂದು ಎರಡನೆಯದನ್ನು ನನ್ನ ಕಡೆ ತಳ್ಳಿದ. ಅದು ಅಗ್ಗದ್ದು ಕೂಡ!

ಈ ರಾಜ್ಯದ ನೆಲ ಎರಡು ತರ. ಪೂರ್ವಕ್ಕೆ ಬಯಲು, ಮುನ್ನೂರು ಗಜ ದೂರದಲ್ಲಿ ಪ್ರಾಂಗ್‌ಹಾರ್ನ್ ಅನ್ನುವ ಜಿಂಕೆಯಂಥ ಪ್ರಾಣಿ ನಿಂತಿರುತ್ತದೆ, ನಮ್ಮ ಕೃಷ್ಣಮೃಗದಷ್ಟೇ ಚುರುಕು. ಪಶ್ಚಿಮಕ್ಕೆ ದಟ್ಟ ಪೈನ್ ಕಾಡು, ಅಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆ ಐವತ್ತು ಗಜದಲ್ಲೇ ಎದುರಾಗಬಹುದು. ಥರ್ಟಿ ಆಟ್ ಸಿಕ್ಸಿನ 180 ಗ್ರೇನಿನ, ಅಂದರೆ ಹನ್ನೆರಡು ಗ್ರಾಮಿನೊಳಗಿನ ಗುಂಡು ಎರಡಕ್ಕೂ ನಡೆಯುತ್ತದೆ. ಇನ್ನೂರು ಗಜಕ್ಕೆ ಗುರಿ ಹೊಂದಿಸಿದರೆ ಮುನ್ನೂರರಲ್ಲಿ ಎಂಟೊಂಬತ್ತು ಇಂಚು ಇಳಿಯುತ್ತದೆ, ಅಷ್ಟೇ. ಬಯಲೇ ಜಾಸ್ತಿ ಅನ್ನುವವರು ಅದರದೇ ಕುಲದ, 1925ರ ಟೂ ಸೆವೆಂಟಿ ತಗೊಳ್ಳುತ್ತಾರೆ. ಗಿಡ್ಡ ತೋಟಾ, ಹಗುರ ರೈಫಲ್ ಬೇಕೆನ್ನುವವರಿಗೆ 1952ರ ತ್ರೀ ನಾಟ್ ಏಟ್ ಇದೆ. ನನ್ನ ಓಟು ಮುದುಕನ ತೋಟಾಕ್ಕೇ.

ಆದರೆ ನನಗೆ ಚುಚ್ಚಿದ್ದು ಬೇರೆ. ಜಗಳೂರು ಕಡೆಯವನು ನಾನು, ‘ಜೋರಾಗಿರೋದು’ ಅನ್ನುವ ಮಾತು ಹುಟ್ಟಿದ ಊರಿನಿಂದಲೇ ಬಂದದ್ದು. ಪಕ್ಕದ ಹೊಲದವನು ಐದು ಎಚ್‌ಪಿ ಮೋಟಾರು ಇಳಿಸಿದರೆ ನಮ್ಮದು ಏಳೂವರೆ ಆಗಲೇಬೇಕು. ನಮ್ಮಣ್ಣ ಹಾಗೇ ಇಳಿಸಿದ. ಬೋರಿನಲ್ಲಿ ಇದ್ದದ್ದು ಒಂದಿಂಚು ನೀರು. ಅರ್ಧ ಗಂಟೆಯಲ್ಲಿ ಎಲ್ಲ ಎಳೆದು, ಒಣಗಿ ಓಡಿ, ಸುಟ್ಟುಹೋಯಿತು. ಎಷ್ಟು ನೀರಿದೆ ಅಂತ ಯಾರೂ ಕೇಳಲಿಲ್ಲ, ಅಂಗಡಿಯವನಂತೂ ಕೇಳಲೇ ಇಲ್ಲ. ಟ್ರ್ಯಾಕ್ಟರಿಗೂ ಇದೇ ಕಥೆ, ಮದುವೆಯ ಶಾಮಿಯಾನಕ್ಕೂ ಇದೇ.

ಈ ಸಿಟ್ಟಿನಲ್ಲೇ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ ಹನ್ನೆರಡು ಬೋರಿನ ಒಂಟಿ ನಳಿಗೆ ಬಂದೂಕು ಅವರದು. ಎಲೆಕ್ಷನ್ ಬಂದರೆ ಠಾಣೆಗೆ ಕೊಟ್ಟು ಬರಬೇಕು. ‘ಅದನ್ನು ಬಿಟ್ಟು ಒಳ್ಳೆ ರೈಫಲ್ ತಗೊಳ್ಳಬಾರದಾ ದೊಡ್ಡಪ್ಪ?’ ಎಂದೆ.

‘ಏನಲೇ ತಮ್ಮಾ, ನಿನ್ನ ಗುಂಡು ಎಷ್ಟು ದೂರ ಹೋಗ್ತತಿ?’

‘ತಡೆಯೋದು ಏನೂ ಇಲ್ಲದಿದ್ರೆ ಮೈಲಿಗಟ್ಟಲೆ.’

‘ನಮ್ಮ ಮೆಕ್ಕೆಜೋಳದ ಆಚೆ ಕಡೆ ಅಟ್ಟಣೆ ಮ್ಯಾಲೆ ಇನ್ನೊಬ್ಬ ಮಲಗಿರ್ತಾನೆ.’

ನಾನು ಸುಮ್ಮನಾದೆ. ಹಂದಿ ಬಂದರೆ ಅವರು ಹೊಡೆಯುವುದಿಲ್ಲ, ಆಕಾಶಕ್ಕೆ ಒಂದು ಈಡು ಬಿಡುತ್ತಾರೆ. ಅವರಿಗೆ ಬೇಕಾದದ್ದು ಸದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಮಾತು ನಮ್ಮ ಮನೆಯಲ್ಲಿ ನಿಂತೇಹೋಗಿದೆ. ಹೊಲದಾಚೆ ರಂಗಯ್ಯನದುರ್ಗದ ಕೊಂಡುಕುರಿಗಳ, ಅಂದರೆ ನಾಲ್ಕು ಕೊಂಬಿನ ಜಿಂಕೆಗಳ ಕಾಡು ಬೇರೆ. ಸಣ್ಣ ಚರೆ ತುಂಬಿದ ಆ ಕೆಂಪು ತೋಟಾ ಸ್ವಲ್ಪ ದೂರದಲ್ಲೇ ಸುಸ್ತಾಗಿ ಬೀಳುತ್ತದೆ. ಅದೇ ಅವರಿಗೆ ಅನುಕೂಲ. ಅಂಗಡಿಯ ಮುದುಕನ ಮೂರು ಪ್ರಶ್ನೆಯಲ್ಲಿ ಮೊದಲೆರಡನ್ನು ದೊಡ್ಡಪ್ಪ ಯಾವಾಗಲೋ ಕೇಳಿಕೊಂಡಿದ್ದರು ಅಂತ ಒಪ್ಪಿಕೊಳ್ಳಬೇಕಾಯಿತು. ಮೋಟಾರಿನ ವಿಷಯದಲ್ಲಿ ಮಾತ್ರ ನನ್ನ ಮಾತೇ ಸರಿ.

‘ಬಂದೂಕು ಇರಲಿ ಬಿಡು’ ಎಂದರು ಆಮೇಲೆ. ಹೊಲದ ಸುತ್ತ ಹಳೇ ಸೀರೆ ಕಟ್ಟಿದ ಮೇಲೆ ಹಂದಿ ಕಾಟ ಕಮ್ಮಿ ಆಗಿದೆಯಂತೆ. ಮೂಡಲ ಬದುವಿಗೆ ಎರಡು ಸಾಲದೆ ನಮ್ಮಮ್ಮನ ಹತ್ತಿರ ಇಸ್ಕೊಂಡಿದ್ದಾರೆ. ಒಂದು ನನ್ನ ಗೃಹಪ್ರವೇಶಕ್ಕೆ ಉಟ್ಟಿದ್ದಂತೆ.