ಸ್ಪಷ್ಟನೆ: ‘ದಿನಾ ಸ್ವಲ್ಪ ಹೆಚ್ಚು ನಡೆದರೆ ಸುಸ್ತು ಹೋಗುತ್ತದೆ’ ಎಂಬ ಸಂದೇಶದ ಬಗ್ಗೆ

‘ವರ್ಷಗಟ್ಟಲೆ ಕಾಡುವ ಸುಸ್ತಿಗೆ ದಿನಾ ನಿನ್ನೆಗಿಂತ ಸ್ವಲ್ಪ ಹೆಚ್ಚು ನಡೆಯಿರಿ, ಆಗದಿದ್ದರೂ ನಿಲ್ಲಿಸಬೇಡಿ, ದೇಹ ತಾನಾಗಿ ಒಗ್ಗಿಕೊಳ್ಳುತ್ತದೆ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕ್ರಾನಿಕ್ ಫಟೀಗ್ ಸಿಂಡ್ರೋಮ್ (ವಿಶ್ರಾಂತಿ ತೆಗೆದುಕೊಂಡರೂ ಹೋಗದ, ದೀರ್ಘಕಾಲ ಕಾಡುವ ಸುಸ್ತಿನ ಕಾಯಿಲೆ) ಇರುವವರಿಗೆ ಇದು ತಪ್ಪು ಸಲಹೆ, ಅಪಾಯದ ಸಲಹೆಯೂ ಹೌದು.

ಶ್ರಮದ ನಂತರ ಎಲ್ಲ ತೊಂದರೆಗಳೂ ಉಲ್ಬಣಿಸುವುದೇ ಈ ಕಾಯಿಲೆಯ ಮುಖ್ಯ ಲಕ್ಷಣ. ಅದೂ ಕೂಡಲೇ ಅಲ್ಲ, ಎಷ್ಟೋ ಸಲ ಒಂದೆರಡು ದಿನ ತಡವಾಗಿ. ಹಾಗಾಗಿ ನಡೆದ ದಿನ ‘ಏನೂ ಆಗಲಿಲ್ಲವಲ್ಲ’ ಅನ್ನಿಸುತ್ತದೆ. ಮೂರನೇ ದಿನ ಹಾಸಿಗೆಯಿಂದ ಏಳಲಾಗುವುದಿಲ್ಲ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲಿ ಈ ಕಾಯಿಲೆಗೆ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಸೂಚಿಸಿತ್ತು ನಿಜ. 2021ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಪರಿಷ್ಕರಿಸಿದಾಗ ಅದನ್ನು ಕೈಬಿಟ್ಟು, ಹೀಗೆ ಇಷ್ಟಿಷ್ಟೇ ಏರಿಸುತ್ತಾ ಹೋಗುವ ವ್ಯಾಯಾಮ ಕೊಡಲೇಬಾರದು ಎಂದಿದೆ. ಸಂದೇಶದಲ್ಲಿರುವುದು ಆ ಹಳೆಯ ಮಾತು.

ಈಗಿನ ಸಲಹೆ, ಇರುವ ಶಕ್ತಿಯ ಮಿತಿಯೊಳಗೇ ದಿನವನ್ನು ಹೊಂದಿಸಿಕೊಳ್ಳುವುದು. ಕೂತು ಸ್ನಾನ ಮಾಡುವುದು, ತಲೆಸ್ನಾನದ ದಿನ ಬಟ್ಟೆ ಒಗೆಯುವ ಕೆಲಸ ಇಟ್ಟುಕೊಳ್ಳದಿರುವುದು, ಚೆನ್ನಾಗಿರುವ ದಿನವೂ ಸುಸ್ತಾಗುವ ಮೊದಲೇ ಮಲಗುವುದು. ಕೊನೆಯದೇ ಎಲ್ಲಕ್ಕಿಂತ ಕಷ್ಟ. ನೋಡುವವರಿಗೆ ಸೋಮಾರಿತನ ಅನ್ನಿಸಬಹುದು, ದಯವಿಟ್ಟು ಹಾಗೆನ್ನಬೇಡಿ.

ಸಕ್ಕರೆ ಕಾಯಿಲೆ, ಸಂಧಿವಾತ ಇರುವವರು ಇದನ್ನೋದಿ ನಡಿಗೆ ಬಿಡಬೇಡಿ. ಅಲ್ಲಿ ವ್ಯಾಯಾಮದಿಂದ ಉಪಯೋಗವಿದೆ. ಎಷ್ಟು ಮಾಡಬೇಕೆಂದು ನಿಮ್ಮ ವೈದ್ಯರನ್ನು ಕೇಳಿ.

ಆ ಸಂದೇಶ ಬಂದರೆ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.